ಕಪ್ಪು ಹಿನ್ನೆಲೆ

ಲ್ಯಾಪ್‌ಟಾಪಿನಲ್ಲಿ ಮತ್ತೊಂದು ವಿಂಡೋ ಬೆಳ್ಳಗೆ ತೆರೆದುಕೊಂಡಿತು. ಚೋಲ್ಪೋನ್ ಅಂಗೈಯಿಂದ ಎಡಗಣ್ಣು ಮುಚ್ಚಿಕೊಂಡು ಮುಖ ತಿರುಗಿಸಿದಳು. ಪಕ್ಕದಲ್ಲಿದ್ದ ಗಂಡ ಕುಬತ್, "ಇದೂ ಮಾತು ಕೇಳಲಿಲ್ಲ," ಎಂದು ಅದನ್ನು ಮುಚ್ಚಿದ.

ಅವಳ ಎಡಗಣ್ಣಿನೊಳಗೆ ಬಾವು ಬಂದಿತ್ತು. ವಾಸಿಯಾಗುವವರೆಗೆ ಬೆಳಕಿಗೆ ಕಣ್ಣೊಡ್ಡಬಾರದೆಂದು ಡಾಕ್ಟರು ಹೇಳಿದ್ದರು. ಆದರೆ ಮಕ್ಕಳ ಕಾರ್ಟೂನುಗಳಿಗೆ ಕಿರ್ಗಿಜ್ ಭಾಷೆಯಲ್ಲಿ ಸಬ್‌ಟೈಟಲ್ ಬರೆಯುವ ಕೆಲಸವನ್ನು ನಿಲ್ಲಿಸಿದರೆ ಟಿವಿಯವರು ಬೇರೆಯವರನ್ನು ಹುಡುಕಿಕೊಳ್ಳುತ್ತಿದ್ದರು. ಹಾಗಾಗಿ ಬಿಷ್ಕೆಕ್‌ನ ಆ ಪುಟ್ಟ ಫ್ಲ್ಯಾಟಿನ ಕಿಟಕಿಗೆ ಕಂಬಳಿ ಹೊದಿಸಿ, ಲ್ಯಾಪ್‌ಟಾಪಿನಲ್ಲಿರುವ ಎಲ್ಲ ಪ್ರೋಗ್ರಾಮುಗಳನ್ನೂ ಕಪ್ಪು ಹಿನ್ನೆಲೆಗೆ ತರಲು ಕುಬತ್ ಭಾನುವಾರ ಬೆಳಗ್ಗೆಯೇ ಕುಳಿತಿದ್ದ. ಮದುವೆಯಾದ ವಾರವೇ ಹೆಂಡತಿಯ ಲ್ಯಾಪ್‌ಟಾಪಿಗೆ ಪುಕ್ಕಟೆ ಸಿಗುವ ಲಿನಕ್ಸ್ ವ್ಯವಸ್ಥೆ ಹಾಕಿದವನು ಅವನೇ ಆದ್ದರಿಂದ ದೂರಲು ಬೇರೆ ಯಾರೂ ಇರಲಿಲ್ಲ.

"ಕಪ್ಪು ಅಂತ ಒಂದು ಕಡೆ ಹೇಳಿದ್ರೆ ಸಾಕಾಗಲ್ವಾ?"

"ಒಂದೊಂದನ್ನ ಒಬ್ಬೊಬ್ಬರು ಬರೆದಿದ್ದಾರೆ ಕಣೇ. ಒಬ್ಬರ ಮಾತನ್ನ ಇನ್ನೊಬ್ಬರದ್ದು ಕೇಳಲ್ಲ."

"ನಿನ್ನ ಅಣ್ಣತಮ್ಮಂದಿರ ಹಾಗೆ."

"ಹಾಗೇ," ಎಂದು ಕುಬತ್ ಒಪ್ಪಿಕೊಂಡ.

ಫೈಲುಗಳನ್ನು ತೋರಿಸುವ ಪ್ರೋಗ್ರಾಮು ಹೇಳಿದ ತಕ್ಷಣ ಕಪ್ಪಾಯಿತು. ಮೇಲ್‌ನಲ್ಲಿ ಚೌಕಟ್ಟು ಕಪ್ಪಾಗಿ ಒಳಗಿನ ಹಾಳೆ ಬೆಳ್ಳಗೇ ಉಳಿಯಿತು. ಕ್ಯಾಲ್ಕ್ಯುಲೇಟರಿನಲ್ಲಿ ಹಿನ್ನೆಲೆಯ ಜೊತೆಗೆ ಅಂಕಿಗಳೂ ಕಪ್ಪಾದವು. "ಬೆಳಕಂತೂ ಇಲ್ಲ," ಎಂದ ಕುಬತ್. ಬ್ರೌಸರು ಒಪ್ಪಿದಂತೆ ಮಾಡಿ, ಫೈಲು ಆರಿಸಲು ಹೋದಾಗಲೆಲ್ಲ ಬಿಳಿ ಪೆಟ್ಟಿಗೆಯೊಂದನ್ನು ಫಳ್ಳನೆ ಎಸೆಯುತ್ತಿತ್ತು. ಎಲ್ಲೆಲ್ಲೋ ಅಡಗಿದ್ದ ಫೈಲುಗಳನ್ನು ಹುಡುಕಿ, ಪ್ರತಿಯೊಂದರೊಳಗೂ ಒಂದೊಂದು ಸಾಲು ಬರೆದು, ಮಧ್ಯಾಹ್ನ ಕಳೆಯುವ ಹೊತ್ತಿಗೆ ಅವನು ಸಬ್‌ಟೈಟಲ್ ಪ್ರೋಗ್ರಾಮೊಂದನ್ನು ಬಿಟ್ಟು ಉಳಿದೆಲ್ಲವನ್ನೂ ದಾರಿಗೆ ತಂದಿದ್ದ. ಸ್ಕ್ರೀನಿನ ಬೆಳಕನ್ನೂ ಪೂರ್ತಿ ತಗ್ಗಿಸಿದ.

ಅಷ್ಟರಲ್ಲಿ ದೂರದ ಬೆಟ್ಟದೂರು ನಾರಿನ್‌ನಿಂದ ಚೋಲ್ಪೋನ್‌ಳ ತಾಯಿ ಸೋನುನ್ ಲ್ಯಾಪ್‌ಟಾಪಿಗೆ ವಿಡಿಯೋ ಕರೆ ಮಾಡಿದಳು. ಕಣ್ಣಿನ ವಿಷಯ ಅವಳಿಗೆ ಹೇಳಿರಲಿಲ್ಲ. ಹೇಳಿದ್ದರೆ ಕುರಿಯ ಬಾಲದ ಕೊಬ್ಬು ಹಿಡಿದುಕೊಂಡು ಕಣ್ಣಿಗೆ ಸವರಲು ಓಡಿ ಬರುತ್ತಿದ್ದಳು.

"ಎಲ್ಲೇ ಇದ್ದೀಯಾ? ನೀನೇ ಕಾಣ್ತಿಲ್ಲ."

"ಇಲ್ಲೇ ಇದ್ದೀನಮ್ಮ."

"ಬರೀ ಕಪ್ಪು ಕಾಣ್ತಿದೆ. ದೀಪ ಹಾಕು."

"ಬೇಡಮ್ಮ, ಹೀಗೇ ಚೆನ್ನಾಗಿದೆ. ಹಸು ಕರು ಹಾಕ್ತಾ?"

"ಹಸು ಹಾಳಾಗ್ಲಿ. ಮುಖ ತೋರಿಸು."

ಕಿಟಕಿ ಮುಚ್ಚಿದ ಮೇಲೆ ಅವಳ ಮುಖಕ್ಕೆ ಬೆಳಕಾಗಿದ್ದದ್ದು ಆ ಬಿಳಿ ವಿಂಡೋಗಳೇ ಎಂಬುದು ಗಂಡಹೆಂಡಿರಿಬ್ಬರಿಗೂ ಹೊಳೆದಿರಲಿಲ್ಲ. ಒಂದು ಕ್ಷಣ ಮುಖ ತೋರಿಸಿದರೆ ಮುಗಿಯಿತೆಂದುಕೊಂಡ ಚೋಲ್ಪೋನ್ ಸ್ಕ್ರೀನಿನ ಬೆಳಕು ಏರಿಸಿ, ಮಾತು ಕೇಳದ ಆ ಸಬ್‌ಟೈಟಲ್ ಪ್ರೋಗ್ರಾಮನ್ನೇ ತೆರೆದಳು. ಮುಖದ ಮೇಲೆ ಬಿಳಿ ಬೆಳಕು ಬಿತ್ತು. ಎಡಗಣ್ಣು ಕೆಂಡದಂತೆ ಕೆಂಪಾಗಿ, ರೆಪ್ಪೆ ಊದಿಕೊಂಡು, ಕೆನ್ನೆಯ ಮೇಲೆ ನೀರು ಇಳಿಯತೊಡಗಿತು.

ನಾರಿನ್‌ನಲ್ಲಿ ಸೋನುನ್ ಫೋನನ್ನು ಹತ್ತಿರಕ್ಕೆ ಹಿಡಿದು ನೋಡಿದಳು.

"ಅವನೆಲ್ಲಿ?" ಎಂದಳು.

ಕುಬತ್ ಪಕ್ಕದಿಂದ ತಲೆ ತೂರಿಸಿದ. "ಸಲಾಂ ಅತ್ತೆ!"

"ಏನು ಮಾಡಿದ್ದೀಯೋ ನೀನು?"

ಅತ್ತೆ ತನ್ನ ಕೆಲಸದ ಬಗ್ಗೆ ಕೇಳಿದ್ದು ಇದೇ ಮೊದಲು. "ಬೆಳಗ್ಗೆಯಿಂದ ಬಿಡದೆ ಕೂತು ಎಲ್ಲ ಕಪ್ಪು ಮಾಡಿದೆ ಅತ್ತೆ," ಎಂದ ಹೆಮ್ಮೆಯಿಂದ. "ಇನ್ನೊಂದು ಮಾತ್ರ ಬಾಕಿ ಇದೆ. ಅದಕ್ಕೂ ಇವತ್ತು ಒಂದು ಗತಿ ಕಾಣಿಸ್ತೀನಿ."

ಕರೆ ಕಡಿದುಹೋಯಿತು. ಆಮೇಲೆ ಎಷ್ಟು ಸಲ ಮಾಡಿದರೂ ಸೋನುನ್ ಎತ್ತಲಿಲ್ಲ.

ಮರುದಿನ ಮಧ್ಯಾಹ್ನ ಬಾಗಿಲು ಬಡಿದದ್ದು ಅವಳೇ. ಕೈಯಲ್ಲೊಂದು ದೊಡ್ಡ ಖಾಲಿ ಚೀಲವಿತ್ತು. ಅಳಿಯನ ಸಲಾಮಿಗೆ ಉತ್ತರ ಕೊಡದೆ ಒಳಗೆ ಬಂದು ಚೀಲವನ್ನು ಮಗಳ ಮುಂದೆ ಬಿಸಾಡಿದಳು. "ಬಟ್ಟೆ ತುಂಬು. ಕಾರು ಕೆಳಗೆ ಕಾಯ್ತಿದೆ."

"ಯಾಕಮ್ಮಾ?"

ಸೋನುನ್ ಮಗಳ ಗಲ್ಲ ಹಿಡಿದು ಬಾಗಿಲ ಬೆಳಕಿಗೆ ತಿರುಗಿಸಿ, ಕೆಳರೆಪ್ಪೆ ಎಳೆದು ನೋಡಿದಳು. ಕೆನ್ನೆಯ ಮೂಳೆಯನ್ನು ಹೆಬ್ಬೆರಳಿಂದ ಒತ್ತಿದಳು. ಕಿವಿಯ ಹಿಂದೆ ನೋಡಿದಳು, ತೋಳು ಸರಿಸಿ ಮುಂಗೈ ನೋಡಿದಳು. ಎಲ್ಲೂ ಹೊಡೆತದ ಗುರುತು ಇರಲಿಲ್ಲ. ಆಮೇಲೆ ಮೇಜಿನ ಮೇಲಿದ್ದ ಕಣ್ಣಿನ ಔಷಧಿಯ ಬಾಟಲಿಗಳು ಕಂಡವು.

ಚೋಲ್ಪೋನ್ ಎಲ್ಲ ಹೇಳಿದಳು. ಕುಬತ್ ಲ್ಯಾಪ್‌ಟಾಪನ್ನು ಅತ್ತೆಯ ಕಡೆ ತಿರುಗಿಸಿ ತಾನು ಕಪ್ಪು ಮಾಡಿದ್ದನ್ನೆಲ್ಲ ಒಂದೊಂದಾಗಿ ತೆರೆದು ತೋರಿಸಿದ. ಫೈಲು, ಮೇಲು, ಬ್ರೌಸರು. ರಾತ್ರಿ ಕೊನೆಗೂ ಮಣಿದ ಸಬ್‌ಟೈಟಲ್ ಪ್ರೋಗ್ರಾಮು. ಸೋನುನ್ ಕೈಕಟ್ಟಿ ನಿಂತು ಕೊನೆಯವರೆಗೂ ನೋಡಿದಳು.

"ಕಪ್ಪಗಿದೆ," ಎಂದಳು. "ಹೋಗಿ ಆ ಕಾರನ್ನ ಕಳಿಸ್ಬಿಡು. ಬರ್ತಾ ಬಿಸಿ ರೊಟ್ಟಿ ತಗೊಂಡು ಬಾ."

ಅವನು ಹೋದ ಮೇಲೆ ತಾಯಿ ಚಹಾಕ್ಕೆ ನೀರಿಟ್ಟಳು. "ಪೆದ್ದ," ಎಂದಳು. ಸ್ವಲ್ಪ ತಡೆದು, "ಒಳ್ಳೆಯವನು," ಎಂದೂ ಸೇರಿಸಿದಳು.

ಚೋಲ್ಪೋನ್ ಕಣ್ಣೊರೆಸಿಕೊಂಡು ನಗುತ್ತಿದ್ದಳು. "ಕತ್ತಲಲ್ಲಿ ಕೂತು ಮಾತಾಡಿದೆ ಅಂತ ಅಷ್ಟು ದೂರ ಯೋಚನೆ ಮಾಡಿದ್ಯಾ ಅಮ್ಮಾ? ಮುಖ ನೋಡೋಕ್ಕಿಂತ ಮೊದಲೇ ನಿನ್ನ ದನಿ ಬದಲಾಗಿತ್ತು."

ಸೋನುನ್ ಬಟ್ಟಲುಗಳನ್ನು ಜೋಡಿಸುತ್ತಿದ್ದಳು.

"ನಿನ್ನಪ್ಪ ಬದುಕಿದ್ದಾಗ ನಮ್ಮ ಮನೇಲೂ ಎಷ್ಟೋ ಸಂಜೆ ದೀಪ ಇರ್ತಿರಲಿಲ್ಲ."

"ಆಗ ಊರಿಗೆಲ್ಲ ಕರೆಂಟು ಹೋಗ್ತಿತ್ತಲ್ಲ. ನೀನೇ ಹೇಳ್ತಿದ್ದೆ."

"ಹೂಂ, ಹೇಳ್ತಿದ್ದೆ," ಎಂದಳು ತಾಯಿ. "ಪಕ್ಕದ ಮನೆ ದೀಪ ನಿನಗೆ ಕಾಣ್ಬಾರದು ಅಂತ ಮೊದಲೇ ಪರದೆ ಎಳೆದಿರ್ತಿದ್ದೆ."