ವಿಮಾನದ ಟಿಕೆಟ್ಟು

ದಿಲ್ಲಿಯ ಅಕಾಡೆಮಿ ತನ್ನ ಗೊಂಬೆ ಸಂಗ್ರಹಾಲಯವನ್ನು ಮುಚ್ಚಿ, ಆ ಜಾಗದಲ್ಲಿ ಅಧಿಕಾರಿಗಳಿಗೆ ಅತಿಥಿಗೃಹ ಕಟ್ಟಲು ಹೊರಟಿತ್ತು. ಅಲ್ಲಿ ಮಾರೆಪ್ಪನ ಅಪ್ಪ ಕೊಟ್ಟ ತೊಗಲುಗೊಂಬೆಗಳಿದ್ದವು. ಅಕಾಡೆಮಿ ಮಂಡಳಿಯ ಸದಸ್ಯನಾಗಿ ಎರಡು ಸಲ ರೈಲಿನಲ್ಲಿ ಮೈಕೈ ನೋಯಿಸಿಕೊಂಡು ಹೋಗಿಬಂದಿದ್ದವನಿಗೆ, ಇದನ್ನು ತೀರ್ಮಾನಿಸುವ ಸಭೆಗೆ ಈ ಸಲ ವಿಮಾನದ ಟಿಕೆಟ್ಟೇ ಬಂತು. ತನ್ನ ಮಾತಿಗೆ ದಿಲ್ಲಿಯಲ್ಲೂ ಬೆಲೆಯಿದೆ ಎಂದು ಓಣಿಗೆಲ್ಲ ಹೇಳಿಕೊಂಡು ಬಂದ.

ಹೊರಡುವ ಹಿಂದಿನ ದಿನ ಕೇರಳದ ಸದಸ್ಯ ಅರೆಬರೆ ಕನ್ನಡದಲ್ಲಿ ಫೋನು ಮಾಡಿದ. "ಮುಚ್ಚೋದು ಬೇಡ ಅನ್ನೋ ನಾವು ನಾಲ್ಕು ಜನ ಹೋಗಲ್ಲ. ನೀವೂ ಹೋಗಬೇಡಿ."

"ಹೆದರಿ ಮನ್ಯಾಗ ಕುಂದ್ರೋ ವಂಶ ನಮ್ದಲ್ಲ," ಎಂದ ಮಾರೆಪ್ಪ ಮುಂದಿನ ಮಾತು ಕೇಳದೆ ಫೋನಿಟ್ಟ.

ಸಭೆಯಲ್ಲಿ ಅವನು ತೊಗಲಿನ ರಾವಣನನ್ನು ಮೇಜಿನ ಮೇಲೆ ಹರವಿ ಇಪ್ಪತ್ತು ನಿಮಿಷ ಮಾತಾಡಿದ. ಯಾರೂ ಅಡ್ಡಬಾಯಿ ಹಾಕಲಿಲ್ಲ. ಅಧ್ಯಕ್ಷರಂತೂ ಕೈಮುಗಿದೇ ಕೇಳಿದರು. ಆಮೇಲೆ ಕೈ ಎತ್ತಿಸಿದರು. ಮುಚ್ಚಲಿ ಎಂದು ಆರು ಕೈ, ಬೇಡವೆಂದು ಒಂದು.

ಹೊರಗೆ ಕನ್ನಡದ ಗುಮಾಸ್ತನೊಬ್ಬ ಸಹಿ ಹಾಕಿಸಿಕೊಳ್ಳಲು ಹಾಜರಿ ಪುಸ್ತಕ ಹಿಡಿದು ಬಂದ.

"ನೋಡಿದ್ಯಲ್ಲಪ್ಪ," ಎಂದ ಮಾರೆಪ್ಪ. "ನಮ್ಮ ಕಡೆಯೋರು ನಾಲ್ಕು ಮಂದಿ ಹೇಡಿಗಳು, ಬರ್ಲೇ ಇಲ್ಲ. ನಾನೊಬ್ಬನಾದ್ರೂ ಬಂದೆ."

ಗುಮಾಸ್ತ ತಲೆ ತಗ್ಗಿಸಿ ಸಹಿಯ ಜಾಗ ತೋರಿಸಿದ.

"ಏಳು ಜನ ಸೇರದಿದ್ರೆ ಸಭೆ ನಡೆಸೋ ಹಾಗಿಲ್ಲ ಯಜಮಾನ್ರೇ. ಅದಕ್ಕೇ ಅವರು ಬರಲಿಲ್ಲ. ಅದಕ್ಕೇ ನಿಮಗೆ ವಿಮಾನ."