ಬೆಳ್ಳಿ ಬಟ್ಟೆ ಸುತ್ತಿದ ಪೈಪು

"ಹಳೇ ಪೈಪ್ ಹಾಕಿ ಹೊಸಾದು ಅಂತ ಟೋಪಿ ಹಾಕೀದಿ, ಸೂರಜ್!"

ಬಾನೆಟ್ ಎತ್ತಿ ಹಿಡಿದುಕೊಂಡೇ ಮೌನಪ್ಪ ಕೂಗಿದ. ಹೈದರಾಬಾದ್ ಪಕ್ಕದ ಪಟಾನ್‌ಚೆರುವಿನ ಅರ್ಧ ಓಣಿ ತಿರುಗಿ ನೋಡಿತು. ಹೆಸರಿಗಷ್ಟೇ ಮೌನಪ್ಪ. ಹೋದ ವಾರ ಇದೇ ದನಿಯಲ್ಲಿ ಪಕ್ಕದ ಮನೆ ಸೀತಾರಾಮನ ನಾಯಿಯ ಮೇಲೆ ಕಳ್ಳತನ ಹೊರಿಸಿದ್ದ, ಅದೂ ತನ್ನದೊಂದು ಹವಾಯಿ ಚಪ್ಪಲಿ ಕಾಣೆಯಾಗಿದ್ದಕ್ಕೆ. ಸೀತಾರಾಮ ಇನ್ನೂ ಮಾತು ಬಿಟ್ಟಿದ್ದಾನೆ.

ಗ್ಯಾರೇಜಿನ ಸೂರಜ್ ಬೀದರಿನವ. ನಿಧಾನವಾಗಿ ಕೈ ಒರೆಸಿಕೊಂಡ. "ಅಣ್ಣಾ, ಪೈಪ್ ಮುಟ್ಟಿ ನೋಡ್ರಿ. ಮಸ್ತ್ ಐತಿ."

"ಹಂಗಾದ್ರ ರಬ್ಬರ್ ಸುಟ್ಟ ವಾಸನಿ ಯಾಕ ಬರ್ತೈತಿ?"

ಸೆಕೆಂಡ್ ಹ್ಯಾಂಡ್ ಕಾರು ಮನೆಗೆ ಬಂದ ನಾಲ್ಕೇ ದಿನಕ್ಕೆ ಆ ವಾಸನೆ ಶುರುವಾಗಿತ್ತು. ಇಂಜಿನ್ನಿನ ನೀರಿನ ಪೈಪು ಸೈಲೆನ್ಸರಿನ ಕಾವಿಗೆ ಸುಡುತ್ತಿದೆ ಎಂದು ಮೌನಪ್ಪ ತಾನೇ ತೀರ್ಪು ಕೊಟ್ಟುಕೊಂಡ. ಔಷಧ ಕಾರ್ಖಾನೆಯಲ್ಲಿ ಹಬೆ ಕೊಳವೆಗಳಿಗೆ ಕಾವು ತಡೆಯುವ ಬಟ್ಟೆ ಸುತ್ತುವುದೇ ಅವನ ಕೆಲಸ. ಸುತ್ತಿದರೆ ಲೋಕದ ಎಲ್ಲ ರೋಗವೂ ವಾಸಿ ಎಂದು ನಂಬಿದವನು. ಪೈಪು ಹೊಸದು ಹಾಕಿಸಿದ, ಸೈಲೆನ್ಸರಿನಿಂದ ದೂರ ಸರಿಸಿ ಕಟ್ಟಿಸಿದ, ಮೇಲೆ ಬೆಳ್ಳಿ ಬಣ್ಣದ ಬಟ್ಟೆ ಸುತ್ತಿದ. ಉತ್ಸಾಹ ತಡೆಯಲಾರದೆ ಗಾಜು ತೊಳೆಯುವ ನೀರಿನ ಬಡಪಾಯಿ ನಳಿಗೆಗೂ ಸುತ್ತಿದ. ಆಹಾ, ಬಾನೆಟ್ ಎತ್ತಿದರೆ ಮದುವೆ ಮಂಟಪ! ಕಾರು ಬಂದಾಗಿನಿಂದ ದಿನಾ ಮುಂಜಾನೆ ಬರಿಗಾಲಲ್ಲಿ ಬಾಲ್ಕನಿಗೆ ಬಂದು, ಚಹಾ ಆರಿ ತಣ್ಣಗಾಗುವ ತನಕ ಕಾರನ್ನೇ ನೋಡುತ್ತ ನಿಲ್ಲುತ್ತಿದ್ದ. ವಾಸನೆ ಮಾತ್ರ ಹೋಗಲಿಲ್ಲ.

ಇವತ್ತು ಯಾದಗಿರಿಯಲ್ಲಿ ಬಸುರಿ ನಾದಿನಿಯ ಕುಬಸ. ಹೋದಾಗಲೆಲ್ಲ ಮಾವ ಬಾಗಿಲಲ್ಲೇ, "ಬಸ್ ಸಿಕ್ತೇನ್ರಿ ಅಳಿಯಂದಿರ?" ಎಂದು ಕೇಳುತ್ತಿದ್ದರು. ಆ ಪ್ರಶ್ನೆಯ ಬಾಯಿ ಮುಚ್ಚಿಸಲೆಂದೇ ಈ ಕಾರು. ಓಣಿ ದಾಟುವುದರೊಳಗೆ ಮೂಗಿಗೆ ಹೊಡೆಯಿತು ನೋಡಿ, ಅದೇ ವಾಸನೆ. ಈ ಗ್ಯಾರೇಜಿನಲ್ಲಿ ಸರಿಹೋಗದಿದ್ದರೆ ಮತ್ತೆ ಬಸ್ಸೇ ಗತಿ, ಮಾವನದು ಅದೇ ಪ್ರಶ್ನೆ.

ಹೆಂಡತಿ ಗದಿಗೆಮ್ಮ ಸೀಟಿನಿಂದ ಇಳಿಯಲೇ ಇಲ್ಲ. "ನಡೀರಿ ಸುಮ್ನ. ಕಾರಿಗೇನೂ ಆಗಂಗಿಲ್ಲ."

"ಇಂಜಿನ್ ಬಗ್ಗೆ ನಿನಗೇನ್ ಗೊತ್ತೈತಿ?"

"ಇಂಜಿನ್ ಗೊತ್ತಿಲ್ರಿ. ಆದ್ರೂ ಏನೂ ಆಗಂಗಿಲ್ಲ."

ಅವಳ ಧೈರ್ಯವೇ ಹಾಗೆ. ಕಾರು ಬಂದ ದಿನ ನಿಂಬೆಹಣ್ಣು, ಮೆಣಸಿನಕಾಯಿ ಹಿಡಿದು ನಿಂತಿದ್ದಳು. ದೃಷ್ಟಿ ಗಿಷ್ಟಿ ಎಲ್ಲ ಸುಳ್ಳು ಎಂದು ಮೌನಪ್ಪ ಉದ್ದನೆಯ ಭಾಷಣ ಬಿಗಿದಿದ್ದ. ಅವಳು ನಿಂಬೆಹಣ್ಣು ಸಮೇತ ಒಳಗೆ ಹೋಗಿದ್ದಳು. ಮದುವೆಯಾದಾಗಿನಿಂದ ತಾನು ಗೆದ್ದ ಏಕೈಕ ವಾದ ಅದು ಎಂದು ಅವನು ಕಾರ್ಖಾನೆಯಲ್ಲೆಲ್ಲ ಹೇಳಿಕೊಂಡು ತಿರುಗಿದ್ದ.

"ನಿನ್ನ ಕಳ್ಳತನ ನಾನ ತೋರಿಸ್ತೀನಿ ತಡಿ," ಎಂದು ಸೂರಜನಿಗೆ ಸವಾಲು ಹಾಕಿ, ಇಸ್ತ್ರಿ ಮಾಡಿದ ಬಿಳಿ ಅಂಗಿಯಲ್ಲೇ ಕಾರಿನ ಕೆಳಗೆ ನುಸುಳಿದ. ಸೈಲೆನ್ಸರಿನ ಪಕ್ಕ, ತಂತಿಯಲ್ಲಿ ಬಿಗಿದ ಏನೋ ಒಂದು ನೇತಾಡುತ್ತಿತ್ತು. ಅಂಚು ಕರಗಿ ಕಪ್ಪಾಗಿತ್ತು. ಕೈಗೆ ಚಿಂದಿ ಸುತ್ತಿಕೊಂಡು ಅದನ್ನು ಕಿತ್ತು ಹೊರಗೆ ತಂದ.

ನೀಲಿ ಪಟ್ಟಿ. ಎಡಗಾಲಿನ ಹವಾಯಿ ಚಪ್ಪಲಿ.

"ಪೈಪ್ ಅಲ್ಲಣ್ಣಾ," ಸೂರಜ್ ನಗು ನುಂಗಿಕೊಂಡು ಬೆನ್ನು ತಿರುಗಿಸಿದ. "ಇನ್ನ ಆರಾಮ ಯಾದಗಿರಿಗೆ ಹೋಗ್ರಿ."

ಮೌನಪ್ಪ ಚಪ್ಪಲಿ ಹಿಡಿದು ಕಿಟಕಿಯ ಬಳಿ ಬಂದ. ನಾಚಿಕೆಯಿಂದ ಕಿವಿ ಬಿಸಿಯಾಗಿತ್ತು. "ಇದು ನಿನ್ನ ಕೆಲಸಾನ? ಈ ಡಬ್ಬಾ ಗಾಡಿ ಮ್ಯಾಲ ಓಣಿಯಾಗ ಯಾರ ಕಣ್ಣು ಬೀಳ್ತೈತಿ ಗದಿಗೆಮ್ಮಾ?"

ಗದಿಗೆಮ್ಮ ಸೆರಗು ಸರಿಮಾಡಿಕೊಂಡಳು. "ಓಣಿಯವರ ಕಣ್ಣಲ್ರಿ. ದಿನಾ ಮುಂಜಾನೆ ಚಹಾ ಮರ್ತು ಅದನ್ನ ನೋಡ್ಕೋತ ನಿಲ್ಲಾವ್ರು ನೀವೊಬ್ರ. ಅದಕ್ಕ ನಿಮ್ಮ ಚಪ್ಪಲೀನ ಕಟ್ಟೀನಿ."