ಕಫೀಲ್ ಇಲ್ಲದವನು

"ನಿನ್ನ ಕಫೀಲ್ ಯಾರು, ಅದನ್ನು ಹೇಳು," ಎಂದು ಉಗ್ಗಪ್ಪ ಮೂರನೆಯ ಸಲ ಕೇಳಿದ.

"ಯಾರೂ ಇಲ್ಲ ಮಾವ. ಈ ವೀಸಾಕ್ಕೆ ಬೇಡ."

ಉಗ್ಗಪ್ಪ ಹೆಂಡತಿ ಸುಂದರಿಯ ಕಡೆ ತಿರುಗಿ ಮೂಗು ಮುರಿದ. ಇಪ್ಪತ್ತಮೂರು ವರ್ಷ ಸೌದಿಯ ಜಿದ್ದಾ ನಗರದ ನೀರು ಕುಡಿದವನಿಗೇ ಈ ಹುಡುಗ ಕಥೆ ಕಟ್ಟುತ್ತಾನೆ. ಹೊಣೆ ಹೊರುವ ಅರಬ್ಬಿ ಧಣಿಯಿಲ್ಲದವನು ಈ ದೇಶದಲ್ಲಿ ಮನುಷ್ಯನೇ ಅಲ್ಲ ಎಂಬುದು ಉಗ್ಗಪ್ಪ ಇಲ್ಲಿ ಕಲಿತ ಮೊದಲ ಪಾಠ. ಊರಿನವರು ಯಾರು ಸಿಕ್ಕರೂ ಹೆಸರಿಗಿಂತ ಮೊದಲು ಕಂಪೆನಿ ಕೇಳುತ್ತಿದ್ದ. ಕಂಪೆನಿಯ ಗಾತ್ರ ನೋಡಿ ಕೂರಲು ಕುರ್ಚಿ ಕೊಡುತ್ತಿದ್ದ.

ತುಷಾರ್ ಸುಂದರಿಯ ಅಣ್ಣನ ಮಗ. ಅಜೀಜಿಯಾ ಬಡಾವಣೆಯ ಅವರ ಮನೆಯ ಚಿಕ್ಕ ಕೋಣೆಗೆ ಬಂದಿಳಿದು ಎರಡು ತಿಂಗಳಾಗಿತ್ತು. ಸಿಂಗಾಪುರದ ಯಾವುದೋ ಕಂಪೆನಿಗೆ ಇಲ್ಲಿ ಕೂತೇ ದುಡಿಯುತ್ತಾನಂತೆ. ಎಂತ ಕೆಲಸ ಎಂದರೆ ಫೈಲ್ ಓದುವುದು ಎನ್ನುತ್ತಿದ್ದ. ಅದಕ್ಕಿಂತ ಹೆಚ್ಚು ಹೇಳುವ ಹಾಗಿಲ್ಲವಂತೆ. ಹೇಳಲು ಏನಾದರೂ ಇದ್ದರಲ್ಲವೇ? ಬಾಯಿ ಬಿಟ್ಟರೆ ಬಣ್ಣಗೇಡು ಎಂದು ಉಗ್ಗಪ್ಪ ಒಳಗೊಳಗೇ ನಕ್ಕ. ಹಗಲು ಹನ್ನೊಂದಾದರೂ ಮೈಮೇಲೆ ಬನಿಯನ್ನು, ಲುಂಗಿ. ಕುತ್ತಿಗೆಯಲ್ಲಿ ಗುರುತಿನ ಕಾರ್ಡಿಲ್ಲ, ಕಾಲಿಗೆ ಬೂಟಿಲ್ಲ, ಕರೆದೊಯ್ಯಲು ಕಂಪೆನಿಯ ಬಸ್ಸಿಲ್ಲ. ಇಂಥವನ ಎದುರು ಕೂತು ನೀರುದೋಸೆ ತಿನ್ನುವುದೇ ಅವಮಾನವೆನಿಸುತ್ತಿತ್ತು.

ದುಡಿಮೆ ಎಂದರೇನೆಂದು ತಿಳಿಸುವ ಹೊಣೆಯನ್ನು ಉಗ್ಗಪ್ಪನೇ ಹೊತ್ತ. ಸಂಜೆ ಚಹಾದ ಹೊತ್ತಿಗೆ ಪಾಠ. ಅವನು ಬಂದರಿನ ಹತ್ತಿರದ ಉಗ್ರಾಣಗಳಿಗೆ ಸೇಫ್ಟಿ ಆಫೀಸರ್. ಬೆಂಕಿ ಆರಿಸುವ ನಾನ್ನೂರು ಸಿಲಿಂಡರುಗಳನ್ನು ತಿಂಗಳಿಗೊಮ್ಮೆ ಒಂದೊಂದಾಗಿ ಪರೀಕ್ಷಿಸಿ, ಪ್ರತಿಯೊಂದರ ಕೊರಳಿನ ಚೀಟಿಗೆ ತಾರೀಕು ಹಾಕಿ ಸಹಿ ಮಾಡಬೇಕು. ನಾಲ್ಕು ವರ್ಷದಿಂದ ಆ ಬಿಸಿಲಿಗೆ ಹೆಜ್ಜೆ ಇಟ್ಟಿಲ್ಲ ಎಂದು ಉಗ್ಗಪ್ಪ ಹೆಮ್ಮೆಯಿಂದಲೇ ಹೇಳಿದ. ಹೊಸ ಚೀಟಿಗಳನ್ನು ಮೇಜಿಗೆ ತರಿಸಿ, ಏಸಿಯಲ್ಲಿ ಕೂತು ಸಹಿ ಹಾಕುವುದು. ಬೇರೆ ಬೇರೆ ದಿನ ಹಾಕಿದ ಹಾಗೆ ಕಾಣಬೇಕಲ್ಲ, ಅದಕ್ಕೆ ಒಮ್ಮೆ ನೀಲಿ ಪೆನ್ನು, ಒಮ್ಮೆ ಕಪ್ಪು. ಕಟ್ಟಿ ಬರಲು ಒಬ್ಬ ಬಂಗಾಲಿ ಕೂಲಿ.

"ತಲೆ ಬೇಕು ಮಾರಾಯ. ಮನೆಯಲ್ಲಿ ಕೂತು ಲ್ಯಾಪ್‌ಟಾಪ್ ಕುಟ್ಟಿದರೆ ಬರುವುದಲ್ಲ ಅದು."

ತುಷಾರ್ ಚಹಾದ ಲೋಟ ಕೆಳಗಿಟ್ಟ. "ಮಾವ, ಇದನ್ನೆಲ್ಲ ನನ್ನ ಹತ್ತಿರ ಹೇಳಬೇಡಿ."

ಹೊಟ್ಟೆಕಿಚ್ಚು, ಬೇರೆ ಇನ್ನೇನು ಎಂದುಕೊಂಡ ಉಗ್ಗಪ್ಪ.

ಆ ತಿಂಗಳಲ್ಲೇ ಅವನ ಕಂಪೆನಿ ಕೈ ಬದಲಾಯಿತು. ಹೊಸ ಧಣಿಗಳು ಅರ್ಧ ಜನರನ್ನು ಊರಿಗೆ ಕಳಿಸುತ್ತಾರೆಂಬ ಸುದ್ದಿ ಹಬ್ಬಿತು. ಯಾರು ಉಳಿಯಬೇಕೆಂದು ತೀರ್ಮಾನಿಸಲು ಹೊರಗಿನ ತಜ್ಞರನ್ನು ಗೊತ್ತು ಮಾಡಿದ್ದರು. ಅವರಿಗೆ ನೌಕರನ ಹೆಸರು ಬೇಡ, ಮುಖ ಬೇಡ, ನಂಬರು ಸಾಕು. ಶನಿವಾರ, ರಜೆಯ ದಿನ, ಮನೆಯಿಂದಲೇ ಫೋನಿನಲ್ಲಿ ಉತ್ತರ ಕೊಡಬೇಕು. ಅವರಿಗೆ ಒಪ್ಪಿಗೆಯಾಗದಿದ್ದರೆ ಇಲ್ಲಿ ಇರಲು ಬೇಕಾದ ಪರವಾನಗಿ, ಇಕಾಮಾ, ರದ್ದು, ಊರಿನ ಟಿಕೆಟ್ಟು ಕೈಗೆ. ಮಗಳು ಅಕ್ಷಿತಾಳ ಹನ್ನೆರಡನೆಯ ತರಗತಿಯ ಪರೀಕ್ಷೆಗೆ ಇನ್ನು ಎರಡೇ ತಿಂಗಳು. ಈಗ ಹೊರಟರೆ ಅವಳ ವರ್ಷವೇ ಹಾಳು. ಉಗ್ಗಪ್ಪನಿಗೆ ನಿಜವಾಗಿ ಹೆದರಿಕೆಯಿದ್ದುದು ಅದೊಂದಕ್ಕೇ. ಆದರೂ ಚೀಟಿಗಳಲ್ಲಿ ಒಂದು ತಾರೀಕೂ ತಪ್ಪಿರಲಿಲ್ಲವಲ್ಲ. ತಜ್ಞರೆಂದರೆ ಕೋಟು ಟೈ ಹಾಕಿದ ಬಿಳಿಯರೇ ಇರಬೇಕೆಂದು ತನ್ನ ಹಳೆಯ ಕೋಟನ್ನು ತೆಗೆಸಿ ಇಸ್ತ್ರಿಗೆ ಕೊಟ್ಟ.

ಬುಧವಾರ ತುಷಾರ್ ಬೇರೆ ಕೋಣೆ ನೋಡಿಕೊಳ್ಳುತ್ತೇನೆಂದು ಎದುರು ನಿಂತ.

"ಶನಿವಾರ ನಾನು ಈ ಮನೆಯಲ್ಲಿ ಇರಬಾರದು ಮಾವ."

ಕೆಲಸ ಹೋಗಿದೆ, ಮುಖ ತೋರಿಸಲಾಗದೆ ಓಡುತ್ತಿದ್ದಾನೆ. ಪೀಡೆ ತೊಲಗಲಿ ಎನ್ನುವಷ್ಟರಲ್ಲಿ ಉಗ್ಗಪ್ಪನಿಗೆ ನೆನಪಾಯಿತು, ಮನೆಯ ಇಂಟರ್ನೆಟ್ ಹಾಕಿಸಿದ್ದು ಇವನೇ. ಇವನು ಅದನ್ನು ಕಿತ್ತುಕೊಂಡು ಹೋದರೆ ಶನಿವಾರ ತನಗೆ ಗತಿಯಿಲ್ಲ. ಭಾನುವಾರ ತಾನೇ ಗಂಟುಮೂಟೆ ಕಟ್ಟಿ ಕಳಿಸುವುದಾಗಿಯೂ ಅಲ್ಲಿಯವರೆಗೆ ಅಲುಗಕೂಡದೆಂದೂ ಗದರಿಸಿದ. ಹುಡುಗ ಅತ್ತೆಯ ಬಳಿ ಅಡುಗೆಮನೆಯಲ್ಲಿ ಗೊಣಗಿದ. ಒಂದೇ ಒಂದು ಫೈಲನ್ನು ಬೇರೆಯವರಿಗೆ ಕೊಡಿ ಎಂದು ಆಫೀಸಿಗೆ ಬರೆದಿದ್ದನಂತೆ. ಆಗುವುದಿಲ್ಲ ಎಂದರಂತೆ.

"ಕೇಳಿದೆಯಾ? ಒಂದು ಫೈಲ್ ಓದಲಿಕ್ಕೂ ಇವನಿಂದ ಆಗುವುದಿಲ್ಲ," ಎಂದು ಉಗ್ಗಪ್ಪ ಮಗಳಿಗೆ ಹೇಳಿದ. ಸರಿಯಾಗಿ ಓದದಿದ್ದರೆ ನಿನ್ನ ಗತಿಯೂ ಇದೇ ಎಂದು ಸೇರಿಸಿದ. ಕೋಣೆಯಲ್ಲಿದ್ದವನಿಗೂ ಕೇಳಲಿ ಎಂದೇ ದನಿ ಏರಿಸಿದ್ದ.

ಶನಿವಾರ ಬೆಳಿಗ್ಗೆ ಕೋಟು, ಟೈ, ಬೂಟು ಎಲ್ಲ ಏರಿಸಿಕೊಂಡು ಚಿಕ್ಕ ಕೋಣೆಯ ಬಾಗಿಲು ಬಡಿದ. ದುಡಿಯುವವರು ಮಾತಾಡುವ ಹೊತ್ತಿದು, ಒಂದು ಗಂಟೆ ಉಸಿರೆತ್ತಬಾರದು ಎಂದ. ತುಷಾರನ ಕಣ್ಣು ಕೆಂಪಗಿತ್ತು. ಎರಡು ತಿಂಗಳಲ್ಲಿ ಮೊದಲ ಸಲ ಬನಿಯನ್ನಿನ ಮೇಲೆ ಶರ್ಟು ಹಾಕಿದ್ದ.

"ಮಾವ, ಎಂತ ಕೇಳಿದರೂ ನಿಜ ಹೇಳಿಬಿಡಿ. ನಿಜ ಹೇಳಿದರೆ ಒಂದು ದಾರಿ ಉಂಟು."

"ನೀನು ನನಗೆ ಕಲಿಸುವುದಾ?" ಎಂದು ಉಗ್ಗಪ್ಪ ಬಾಗಿಲನ್ನು ತಾನೇ ಎಳೆದು ಹಾಕಿದ.

ಪಕ್ಕದ ಕೋಣೆಯಲ್ಲಿ ಕುರ್ಚಿ ಎಳೆದು ಕೂತು ಫೋನನ್ನು ಗೋಡೆಗೆ ಒರಗಿಸಿದ. ಪರದೆ ಕಪ್ಪಾಗಿತ್ತು. ಅವನು ತನ್ನ ನಂಬರನ್ನು ಗಟ್ಟಿಯಾಗಿ ಓದಿ ಹೇಳಿ, ಟೈ ಸರಿಮಾಡಿಕೊಂಡು ಕಾದ.

ಸಿಲಿಂಡರೊಂದನ್ನು ಕೊನೆಯ ಸಲ ಕೈಯಾರೆ ಮುಟ್ಟಿ ನೋಡಿದ್ದು ಯಾವಾಗ ಎಂಬ ಇಂಗ್ಲಿಷ್ ಪ್ರಶ್ನೆ ಉಗ್ಗಪ್ಪನಿಗೆ ಎರಡು ಸಲ ಕೇಳಿಸಿತು, ಮೊದಲು ಗೋಡೆಯ ಆಚೆಯಿಂದ, ಆಮೇಲೆ ಫೋನಿನಿಂದ.